ಗೂಡಿನ ಫೋಟೋ ಇನ್ನು ಹಾಕಬೇಡಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಕಳೆದ ಭಾನುವಾರ ನಿಮ್ಮ ಓದುಗರ ಫೋಟೋ ಪುಟದಲ್ಲಿ ಸೂರಕ್ಕಿ ತನ್ನ ಮರಿಗಳಿಗೆ ಗುಟುಕು ಕೊಡುವ ಚಿತ್ರ ಬಂದಿತ್ತು. ಕೆಳಗೆ ತೆಗೆದವರ ಹೆಸರು, ಉದ್ಯಾನದ ಹೆಸರು, ಸಾಲದ್ದಕ್ಕೆ ಯಾವ ಗೇಟಿನ ಪಕ್ಕ ಎನ್ನುವುದೂ ಇತ್ತು. "ಎಷ್ಟ್ ಲಾಯ್ಕ್ ಬಂದಿತ್ ಕಾಣಿ" ಎಂದು ನನ್ನ ಹೆಂಡತಿ ಪೇಪರು ಮುಂದೆ ಹಿಡಿದಳು. ಲಾಯ್ಕಾಗಿಯೇ ಬಂದಿತ್ತು. ಆದರೆ ಗೂಡಿನ ಪಕ್ಕದಲ್ಲೇ ಕಡ್ಡಿಯೊಂದರ ತುದಿ ಬೆಳ್ಳಗೆ, ಆಗಷ್ಟೇ ಕತ್ತರಿ ಹಾಕಿದ ಹಾಗೆ ಕಾಣುತ್ತಿತ್ತು. ನನ್ನ ಕಣ್ಣು ಅಲ್ಲೇ ನಿಂತಿತು.

ಬೇರೆಯವರನ್ನು ದೂರಲು ಬರೆಯುತ್ತಿಲ್ಲ. ನನ್ನದನ್ನೇ ಹೇಳುತ್ತೇನೆ.

ಮುಂಬೈ ಹತ್ತಿರದ ಡೊಂಬಿವಲಿಯ ಹೋಟೆಲೊಂದರ ಗಲ್ಲಾದಲ್ಲಿ 31 ವರ್ಷ ಕೂತು, ಕೆಲಸ ಬಿಟ್ಟ ಮೇಲೆ ಬೋರಾ ಬಜಾರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ದೂರದ್ದನ್ನು ಹತ್ತಿರ ತೋರಿಸುವ 70-300ರ ಲೆನ್ಸ್ ತಗೊಂಡವನು ನಾನು. ಹಕ್ಕಿಯ ಹುಚ್ಚು ಆಮೇಲೆ ಹತ್ತಿದ್ದು. ಮೂರು ವರ್ಷದ ಹಿಂದೆ ನಮ್ಮ ಬಾಲ್ಕನಿಯ ಮಲ್ಲಿಗೆ ಬಳ್ಳಿಯಲ್ಲೇ ಸೂರಕ್ಕಿ ಗೂಡು ಕಟ್ಟಿತು. ನೋಡಿದವರಿಗೆ ಗೂಡು ಅನ್ನಿಸದು, ಗಾಳಿಗೆ ಸಿಕ್ಕಿಕೊಂಡ ಕಸದ ಉಂಡೆ ಅನ್ನಿಸಬೇಕು. ಜೇಡರ ಬಲೆ, ತೊಗಟೆಯ ಚೂರು, ಒಣಗಿದ ಎಲೆ, ಎಲ್ಲ ಸೇರಿಸಿ ಹೆಣ್ಣು ಹಕ್ಕಿ ಹೆಣೆದಿತ್ತು. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಮಳೆ ತಾಗದಂತೆ ಸಣ್ಣ ಮಾಡು. ಒಳಗೆ ಎರಡು ಮರಿ.

ಮರಿಗಳ ಬಾಯಿ ಕಾಣಬೇಕಾದರೆ ಎರಡು ಮೂರು ಎಲೆ ಅಡ್ಡ ಬರುತ್ತಿದ್ದವು. ಚಿವುಟಲು ಮನಸ್ಸಾಗಲಿಲ್ಲ. ಹೂ ಕಟ್ಟುವ ನೂಲಿನಿಂದ ಬಳ್ಳಿಯ ಆ ಎಳೆಯನ್ನು ಎಳೆದು ಗ್ರಿಲ್ಲಿಗೆ ಕಟ್ಟಿದೆ. ಫೋಟೋ ತೆಗೆದು ಬಿಚ್ಚಿಬಿಡುವ ಅಂದಾಜು. ಫೋಟೋ ಸಿಕ್ಕಿತು, ಬಿಚ್ಚುವಷ್ಟರಲ್ಲಿ ಊಟಕ್ಕೆ ಕರೆದರು. ಉಂಡವನು ಹಾಗೇ ಅಡ್ಡಾದೆ. ಎದ್ದು ಬಂದು ನೋಡುವಾಗ ಗ್ರಿಲ್ಲಿನ ಮೇಲೆ ಕಾಗೆ ಕೂತಿತ್ತು, ಗೂಡು ಹರಿದು ನೇತಾಡುತ್ತಿತ್ತು. ಮರುದಿನ ಬೆಳಿಗ್ಗೆಯೂ ಹೆಣ್ಣು ಹಕ್ಕಿ ಕೊಕ್ಕಿನಲ್ಲಿ ಜೇಡ ಕಚ್ಚಿಕೊಂಡು ಬಂದು ಆ ಹರಕು ಗೂಡಿನ ಮುಂದೆ ರೆಕ್ಕೆ ಬಡಿಯುತ್ತಾ ನಿಂತಿತ್ತು. ನೂಲು ಬಿಚ್ಚಿದವಳು ನನ್ನ ಹೆಂಡತಿ.

ಆ ಫೋಟೋ ನಾನು ನಿಮಗೆ ಕಳಿಸಿದ್ದೆ. ನೀವು ಹಾಕಿಯೂ ಇದ್ದಿರಿ. ಪುಟ ಅಚ್ಚಾಗುವ ಹೊತ್ತಿಗೆ ಮರಿಗಳು ಇರಲಿಲ್ಲ. ಊರಿನಿಂದ, ಕನ್ನಡ ಸಂಘದಿಂದ ಎಲ್ಲ ಫೋನ್ ಬಂತು. ಹ್ಞಾಂ ಹ್ಞಾಂ ಎಂದು ಹೊಗಳಿಸಿಕೊಂಡೆ.

ಎಲೆ ಸರಿಸುವುದೊಂದೇ ಅಲ್ಲ, ಜಾಗದ ಹೆಸರು ಹಾಕುವುದರದ್ದೂ ಫಜೀತಿಯೇ. ಹೋದ ಮಳೆಗಾಲ ನಾವು ನಾಲ್ಕು ಜನ ರಾಯಗಡ ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದೆವು. ಯಾವ ಹಳ್ಳಿ ಎಂದು ಬರೆಯುವುದಿಲ್ಲ. ಮೂರು ಬೆರಳಿನ ಮಿಂಚುಳ್ಳಿ ಮಳೆ ಹಿಡಿದ ಮೇಲೆ ಕೊಂಕಣದಲ್ಲಿ ತೊರೆಯ ಬದಿಯ ಮಣ್ಣಿನ ದರೆಯಲ್ಲಿ ಬಿಲ ಕೊರೆದು ಮರಿ ಮಾಡುತ್ತದೆ. ಗುಬ್ಬಚ್ಚಿಯಷ್ಟೇ ಗಾತ್ರ, ಮೈಮೇಲೆ ಇಲ್ಲದ ಬಣ್ಣವಿಲ್ಲ. ಯಾರದೋ ಫೋಟೋದ ಕೆಳಗೆ ಜಾಗದ ಹೆಸರಿತ್ತು, ಅದನ್ನು ಹಿಡಿದು ನಾವು ಹೋದದ್ದು. ನಮಗಿಂತ ಮೊದಲೇ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಟ್ರೈಪಾಡ್ ಊರಿದ್ದರು. ಹಕ್ಕಿ ಕೊಕ್ಕಿನಲ್ಲಿ ಅರಣೆ ಹಿಡಿದುಕೊಂಡು ಕೊಂಬೆಯ ಮೇಲೆ ಕೂತಿತ್ತು. ಗಡಿಯಾರ ನೋಡಿಕೊಂಡೆ: 40 ನಿಮಿಷ. ನಮಗೆ ಹೆದರಿ ಮರಿಗಳಿದ್ದ ಬಿಲಕ್ಕೆ ಹೋಗಲಿಲ್ಲ. ಕೊಕ್ಕಿನಲ್ಲಿ ಬೇಟೆ ಹಿಡಿದ ಆ ಭಂಗಿಯೇ ಬೇಕೆಂದು ಎಲ್ಲರೂ ಅಷ್ಟು ಹೊತ್ತೂ ಕ್ಲಿಕ್ಕಿಸುತ್ತಿದ್ದರು, ನಾನೂ ಸೇರಿ. ಅಲ್ಲೇ ಒಬ್ಬ ಹುಡುಗ ಮೊಬೈಲಿನಲ್ಲಿ ನವರಂಗ ಎಂಬ ಇನ್ನೊಂದು ಹಕ್ಕಿಯ ಕೂಗು ಹಾಕುತ್ತಿದ್ದ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ನವರಂಗ ಎದುರಿಗೆ ಬರುತ್ತದೆ, ಫೋಟೋ ಸಿಗುತ್ತದೆ. ಮರಿ ಮಾಡುವ ಕಾಲದಲ್ಲಿ ಅದಕ್ಕೆ ದಿನವಿಡೀ ಇಲ್ಲದ ವೈರಿಯ ಜೊತೆ ಜಗಳ.

ವಕೀಲನಾಗಿರುವ ನನ್ನ ಭಾವನ ಮಗ ಹೇಳಿದ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂದರೇನು ಎಂಬ ವಿವರಣೆಯೊಳಗೇ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ಕಾಟ ಕೊಡುವುದೂ ಸೇರಿದೆಯಂತೆ. ಅಂದರೆ ನಾನು ಲುಂಗಿ ಉಟ್ಟುಕೊಂಡು ಬಾಲ್ಕನಿಯಲ್ಲೇ ಬೇಟೆಯಾಡಿದ ಹಾಗಾಯಿತು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮೊಟ್ಟೆ, ಮರಿ, ಗೂಡು ಇರುವ ಫೋಟೋ ಬಂದರೆ ಎಷ್ಟೇ ಚಂದ ಇದ್ದರೂ ಹಾಕಬೇಡಿ. ಗೂಡಿಲ್ಲದ ಬೇರೆ ಹಕ್ಕಿ ಫೋಟೋ ಆದರೆ ಜಿಲ್ಲೆಯ ಹೆಸರು ಸಾಕು. ನಿಮ್ಮ ಪುಟದಲ್ಲಿ ಹೆಸರು ಬರಲಿ ಎಂಬ ಆಸೆಗೇ ನಾನು ಆ ನೂಲು ಕಟ್ಟಿದ್ದು. ಹಾಕುವುದಿಲ್ಲ ಎಂದು ಗೊತ್ತಿದ್ದರೆ ಕಟ್ಟುತ್ತಿರಲಿಲ್ಲ. ಕಡಲಹಕ್ಕಿಗಳಿಗೆ ಗಾಂಠಿಯಾ (ಕಡಲೆಹಿಟ್ಟಿನ ಕರಿದ ತಿಂಡಿ) ಎಸೆದು ಹಾರಿಸಿ ತೆಗೆದ ಫೋಟೋಗಳನ್ನೂ ಬಿಟ್ಟುಬಿಟ್ಟರೆ ಒಳ್ಳೆಯದು. ಎಣ್ಣೆತಿಂಡಿ ಮಾರಿದ ದುಡ್ಡಿನಲ್ಲೇ ಮಕ್ಕಳನ್ನು ಓದಿಸಿದವನು ಹೇಳುತ್ತಿದ್ದೇನೆ, ಅದು ಹಕ್ಕಿ ತಿನ್ನುವ ವಸ್ತು ಅಲ್ಲ.

ಎಲ್ಲ ಜಾಗವನ್ನೂ ಗುಟ್ಟು ಮಾಡಬೇಕೆಂದಿಲ್ಲ. ಸಮುದ್ರದ ನೀರು ಒಳನುಗ್ಗುವ ಥಾಣೆ ಖಾಡಿ (ಕ್ರೀಕ್) 2015ರಿಂದಲೇ ರಾಜಹಂಸಗಳ (ಫ್ಲೆಮಿಂಗೊ) ಅಭಯಾರಣ್ಯ, 2022ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅದನ್ನು ಮುಚ್ಚಿಡಲು ಏನೂ ಉಳಿದಿಲ್ಲ. ಅಲ್ಲಿಯದೇ ಒಂದು ಫೋಟೋ ಈ ಪತ್ರದ ಜೊತೆ ಇಟ್ಟಿದ್ದೇನೆ. ಇಳಿತದಲ್ಲಿ ಕೆಸರು ತೆರೆದುಕೊಂಡ ಹೊತ್ತು, ತಲೆ ಬಗ್ಗಿಸಿ ಮೇಯುತ್ತಿವೆ. ನೀರು ಏರಿದರೆ ಅವುಗಳ ಊಟ ಮುಗಿದ ಹಾಗೆ. ಜಾಗದ ಹೆಸರು ಧಾರಾಳ ಹಾಕಿ. ಹಕ್ಕಿಗಳು ಚಿತ್ರದಲ್ಲಿ ಸ್ವಲ್ಪ ಸಣ್ಣಗೆ ಬಂದಿವೆ. "ಇನ್ನೂ ಹತ್ತಿರ ಒಯ್ಯಲಾ ಕಾಕಾ?" ಎಂದು ದೋಣಿಯ ಹುಡುಗ ಕೇಳಿದ್ದ, ಬೇಡ ಎಂದಿದ್ದೆ.

ಇತಿ,
ನಿಮ್ಮ ಹಳೆಯ ಓದುಗ,
ಡೊಂಬಿವಲಿ ಪೂರ್ವ