ಗಿಟ್‌ಹಬ್ ಎಪಿಐ: ಲೈಬ್ರರಿಯ ಒಳಗಿನ ಲೆಕ್ಕವನ್ನೂ ಕಲಿಸಲಿ

ಮಾನ್ಯ ಸಂಪಾದಕರೇ,

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2022ರ ಸ್ಕೀಮಿನ ಮೂರನೆಯ ಸೆಮಿಸ್ಟರ್‌ನಲ್ಲಿ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶದ ಕುರಿತ ಲ್ಯಾಬ್ ಕೋರ್ಸಿಗೆ ಜಾಗ ಕೊಟ್ಟಿರುವುದು ಸ್ವಾಗತಾರ್ಹ. ಕಮಿಟ್, ಬ್ರ್ಯಾಂಚ್, ಮರ್ಜ್‌ಗಳನ್ನು ಅಲ್ಲಿ ಕಲಿತ ವಿದ್ಯಾರ್ಥಿಗಳು ಮುಂದೆ ಮಿನಿ ಪ್ರಾಜೆಕ್ಟಿಗೆಂದು ಗಿಟ್ ಯೋಜನೆಗಳನ್ನು ಇರಿಸುವ ಜಾಲತಾಣವಾದ ಗಿಟ್‌ಹಬ್‌ನ ಎಪಿಐಗೆ, ಅಂದರೆ ಅದರ ಮಾಹಿತಿಯನ್ನು ಪ್ರೋಗ್ರಾಂ ಮೂಲಕ ಕೇಳಿ ಪಡೆಯುವ ವ್ಯವಸ್ಥೆಗೆ, ಕೈಹಾಕುತ್ತಾರೆ. ಪೈಥಾನ್‌ನಲ್ಲಿ ಪೈಗಿಟ್‌ಹಬ್ ಎಂಬ ಲೈಬ್ರರಿ (ಸಿದ್ಧ ಕೋಡಿನ ಸಂಗ್ರಹ) ಇರುವುದರಿಂದ ರೆಪಾಸಿಟರಿಯೊಂದರ (ಯೋಜನೆಯ ಕಡತಗಳ ಕಣಜ) ಇಶ್ಯೂ (ದೋಷ, ಸಲಹೆಗಳ ಟಿಪ್ಪಣಿ), ಪುಲ್ ರಿಕ್ವೆಸ್ಟ್‌ಗಳ (ಕೋಡಿನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಮನವಿ) ಪಟ್ಟಿಯನ್ನು ನಾಲ್ಕಾರು ಸಾಲುಗಳಲ್ಲಿ ತರಿಸಿಕೊಳ್ಳಲೂ ಬಹುದು. ಆದರೆ ಆ ಸಾಲುಗಳ ಹಿಂದೆ ಸರ್ವರ್‌ಗೆ ಎಷ್ಟು ಕೋರಿಕೆಗಳು ಹೋಗುತ್ತವೆ ಎಂಬ ಲೆಕ್ಕವನ್ನು ನಾನು ಕಂಡ ಲ್ಯಾಬ್‌ಗಳಲ್ಲಿ ಹೇಳಿಕೊಡುತ್ತಿಲ್ಲ.

ಟೋಕನ್ (ಖಾತೆಯನ್ನು ಗುರುತಿಸುವ ಗುಪ್ತ ಸಂಕೇತ) ಇಲ್ಲದೆ ಕಳಿಸುವ ಕೋರಿಕೆಗಳಿಗೆ ಗಿಟ್‌ಹಬ್ ಗಂಟೆಗೆ 60ರ ಮಿತಿ ಹಾಕಿದೆ, ಮತ್ತು ಈ ಮಿತಿ ವ್ಯಕ್ತಿಗಲ್ಲ, ಅಂತರ್ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸಕ್ಕೆ ಅನ್ವಯಿಸುತ್ತದೆ. ಕಾಲೇಜಿನ ಲ್ಯಾಬ್‌ನ ಕಂಪ್ಯೂಟರ್‌ಗಳೆಲ್ಲ ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಿಂದ ಹೊರಗೆ ಹೋಗುವುದರಿಂದ ಓಣಿಗೆಲ್ಲ ಒಂದೇ ನಲ್ಲಿ ಇದ್ದ ಹಾಗೆ ಇಡೀ ಬ್ಯಾಚು ಆ 60ನ್ನು ಹಂಚಿಕೊಳ್ಳಬೇಕಾಗುತ್ತದೆ. ಮೊದಲು ಬಂದು ಕುಳಿತವರ ಪ್ರೋಗ್ರಾಂ ಓಡುತ್ತದೆ, ಉಳಿದವರದು ನಿಲ್ಲುತ್ತದೆ. ಪೈಗಿಟ್‌ಹಬ್‌ನ ಎರಡನೆಯ ಆವೃತ್ತಿಯಿಂದೀಚೆಗೆ ಇದು ಇನ್ನಷ್ಟು ಗೊಂದಲ ತರುತ್ತದೆ: ಮಿತಿ ಮುಗಿದಾಗ ಲೈಬ್ರರಿ ತಾನಾಗಿಯೇ ಮರುಪ್ರಯತ್ನಕ್ಕೆ ಸಿದ್ಧವಾಗಿ, ಮಿತಿ ಮತ್ತೆ ಆರಂಭವಾಗುವವರೆಗೆ ಕಾಯುತ್ತ ಕೂರುತ್ತದೆ. ಪ್ರೋಗ್ರಾಂ ಕೆಟ್ಟಿದೆ ಎಂದೋ, ಕಾಲೇಜಿನ ನೆಟ್ ನಿಧಾನವಾಗಿದೆ ಎಂದೋ ತಿಳಿದು ವಿದ್ಯಾರ್ಥಿಗಳು ಸರಿಯಾಗಿಯೇ ಇರುವ ಕೋಡನ್ನು ತಿದ್ದತೊಡಗುತ್ತಾರೆ.

ಟೋಕನ್ ಬಳಸಿದರೆ ಮಿತಿ ಗಂಟೆಗೆ 5,000ಕ್ಕೆ ಏರುತ್ತದೆ, ಅದೂ ಒಬ್ಬೊಬ್ಬರ ಖಾತೆಗೆ ಪ್ರತ್ಯೇಕವಾಗಿ. ಅಷ್ಟಿದ್ದರೂ ಅಜಾಗರೂಕವಾಗಿ ಬರೆದ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಕೋಡು) ಅದನ್ನು ನುಂಗಬಲ್ಲದು. 300 ಪುಲ್ ರಿಕ್ವೆಸ್ಟ್‌ಗಳ ಪಟ್ಟಿಯನ್ನು ಎಪಿಐ ಪುಟಕ್ಕೆ 30ರಂತೆ 10 ಕೋರಿಕೆಗಳಲ್ಲಿ ಕೊಡುತ್ತದೆ. ಪುಟದ ಗಾತ್ರವನ್ನು ಗರಿಷ್ಠ 100ಕ್ಕೆ ಏರಿಸಿದರೆ ಮೂರೇ ಸಾಕು. ಆದರೆ ಪ್ರತಿಯೊಂದರಲ್ಲಿ ಎಷ್ಟು ಸಾಲು ಸೇರಿಸಲಾಗಿದೆ ಎಂಬ ವಿವರ ಆ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ, ಲೂಪಿನೊಳಗೆ ಅದನ್ನು ಕೇಳಿದ ಕ್ಷಣವೇ ಲೈಬ್ರರಿ ಸದ್ದಿಲ್ಲದೆ ಒಂದೊಂದಕ್ಕೂ ಬೇರೆ ಕೋರಿಕೆ ಕಳಿಸುತ್ತದೆ, ಮತ್ತು ಮೂರರ ಜೊತೆಗೆ ಇನ್ನೂ 300 ಸೇರಿಕೊಳ್ಳುತ್ತವೆ. ಕೋಡಿನಲ್ಲಿ ಹೆಚ್ಚಾದದ್ದು ಒಂದು ಪದ ಮಾತ್ರ. ಇಶ್ಯೂಗಳ ಪಟ್ಟಿಯಲ್ಲಿ ಪುಲ್ ರಿಕ್ವೆಸ್ಟ್‌ಗಳೂ ಬೆರೆತು ಬರುತ್ತವೆ ಎಂಬುದು ಇನ್ನೊಂದು ಸಂಗತಿ. ಇದನ್ನರಿಯದೆ ಎಣಿಸಿದ ಅಂಕಿಗಳು ಪ್ರಾಜೆಕ್ಟ್ ವರದಿಗಳಲ್ಲಿ ಹಾಗೆಯೇ ಅಚ್ಚಾಗುತ್ತಿವೆ.

ಎಪಿಐಗೆ ಪಾಸ್‌ವರ್ಡ್ ಕೊಟ್ಟು ಒಳಹೋಗುವ ವ್ಯವಸ್ಥೆಯನ್ನು ಗಿಟ್‌ಹಬ್ 2020ರ ನವೆಂಬರ್‌ನಲ್ಲೇ ನಿಲ್ಲಿಸಿದೆ. ಆದ್ದರಿಂದ ಹಳೆಯ ಲ್ಯಾಬ್ ಕೈಪಿಡಿಗಳಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಬರೆಯುವ ಉದಾಹರಣೆಗಳು ಇನ್ನೂ ಇದ್ದರೆ ಅವುಗಳನ್ನು ತೆಗೆದುಹಾಕಬೇಕು. ಟೋಕನ್ನಿನದು ಬೇರೆಯದೇ ಶಿಸ್ತು. ಅದನ್ನು ಕೋಡಿನೊಳಗೇ ಬರೆದು ಸಾರ್ವಜನಿಕ ರೆಪಾಸಿಟರಿಗೆ ಏರಿಸುವವರು ಬೇಕಾದಷ್ಟಿದ್ದಾರೆ. ಹಾಗೆ ಸಿಕ್ಕಿದ ತನ್ನ ಟೋಕನ್‌ಗಳನ್ನು ಗಿಟ್‌ಹಬ್ ತಾನೇ ರದ್ದುಪಡಿಸುತ್ತದೆ ನಿಜ, ಆದರೆ ಬೇರೆ ಸೇವೆಗಳ ಕೀಗಳಿಗೆಲ್ಲ ಆ ರಕ್ಷಣೆ ಸಿಗುತ್ತದೆಂದು ನೆಚ್ಚಿ ಕೂರಲಾಗದು. ಟೋಕನ್ನನ್ನು ಕೋಡಿನ ಹೊರಗೆ, ಕಂಪ್ಯೂಟರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡುವುದು, ಸಾರ್ವಜನಿಕ ರೆಪಾಸಿಟರಿಗಳನ್ನು ಓದುವ ಅನುಮತಿ ಮಾತ್ರ ಕೊಡುವುದು, ಸೆಮಿಸ್ಟರ್ ಮುಗಿಯುವ ದಿನಕ್ಕೆ ಅವಧಿ ನಿಗದಿ ಮಾಡುವುದು ಇವಿಷ್ಟನ್ನು ಒಂದು ತರಗತಿಯಲ್ಲಿ ಕಲಿಸಬಹುದು.

ಲೈಬ್ರರಿ ಬೇಡವೆಂಬುದು ನನ್ನ ವಾದವಲ್ಲ. ಪುಟಗಳನ್ನು ಜೋಡಿಸುವ ಕೆಲಸವನ್ನು ಪ್ರತಿ ವಿದ್ಯಾರ್ಥಿಯೂ ಹೊಸದಾಗಿ ಬರೆಯಬೇಕೆನ್ನುವುದು ಕಾಲಹರಣ. ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯು ಗಿಟ್ ಲ್ಯಾಬ್‌ಗೆ ಎಪಿಐ ಕುರಿತ ಒಂದೆರಡು ಪ್ರಯೋಗಗಳನ್ನು ಸೇರಿಸಬೇಕು, ಅಲ್ಲಿಯವರೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳು ತಾವಾಗಿಯೇ ಇದನ್ನು ಆರಂಭಿಸಬೇಕು ಎಂಬುದು ನನ್ನ ವಿನಂತಿ. ಮೊದಲ ಪ್ರಯೋಗಕ್ಕೆ ಹೆಚ್ಚಿನದೇನೂ ಬೇಡ: ಲೂಪ್ ಓಡುವ ಮೊದಲು ಒಮ್ಮೆ, ಓಡಿದ ಮೇಲೆ ಒಮ್ಮೆ, ಮಿತಿಯಲ್ಲಿ ಎಷ್ಟು ಉಳಿದಿದೆ ಎಂದು ಎಪಿಐಯನ್ನೇ ಕೇಳಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಿಸಲಿ. ಹಾಗೆ ಕೇಳುವ ಕೋರಿಕೆಯನ್ನು ಗಿಟ್‌ಹಬ್ ಆ ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇತಿ,
ಕಂಪ್ಯೂಟರ್ ಸೈನ್ಸ್ ಅಧ್ಯಾಪಕ,
ಟಿಳಕವಾಡಿ, ಬೆಳಗಾವಿ