ಗೂಡಿನ ಕ್ಯಾಮೆರಾ ಮೊದಲೇ ಇಡಿ

ಮಾನ್ಯರೇ,

ಗುಬ್ಬಚ್ಚಿಗೆ ಮರದ ಪೆಟ್ಟಿಗೆ ಕಟ್ಟಿ, ಒಳಗೊಂದು ವೈಫೈ ಕ್ಯಾಮೆರಾ ಕೂರಿಸುವ ಹವ್ಯಾಸ ತುಮಕೂರಿಗೂ ಬಂದಿದೆ. ಒಳ್ಳೆಯದೇ. ತಾಯಿ ಹಕ್ಕಿ ಹುಳ ಕಚ್ಚಿಕೊಂಡು ಬಂದರೆ ಸಾಕು, ಇನ್ನೂ ಕಣ್ಣು ಬಿಡದ ಮರಿಗಳು ಕತ್ತು ಚಾಚಿ, ಹಳದಿ ಅಂಚಿನ ಬಾಯಿ ಅಗಲಿಸಿ ಚೀರುವುದು ಮೊಬೈಲಿನಲ್ಲೇ ಕಾಣುತ್ತದೆ. ಇನ್ನು ಧಾರಾವಾಹಿ ಯಾಕೆ ಬೇಕು ಹೇಳಿ!

ಆದರೆ ಮೊಟ್ಟೆ ಇಟ್ಟ ಮೇಲೆ ಸುಮ್ನೆ ಕೈ ಹಾಕಬೇಡಿ, ಹಕ್ಕಿ ಗೂಡು ಬಿಟ್ಟೇ ಹೋಗಬಹುದು. ಗೂಡು ಕಟ್ಟುವ ಮೊದಲೇ ಕ್ಯಾಮೆರಾವನ್ನು ಮುಚ್ಚಳದ ಕೆಳಗೆ ಜೋಡಿಸಿ. ಬಿಳಿ ದೀಪ ಬೇಡ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನದು ಇರಲಿ. ಹಕ್ಕಿ ಒಳಹೋಗುವ ತೂತು 32 ಮಿಲಿಮೀಟರ್ ಸಾಕು, ಜಾಸ್ತಿ ದೊಡ್ಡದಾದರೆ ಮೈನಾ ನುಗ್ಗುತ್ತದೆ. ಇನ್ನೊಂದು, ನಮ್ಮ ಏಪ್ರಿಲ್ ಬಿಸಿಲಲ್ಲಿ ತಗಡಿನ ಶೀಟಿಗೆ ತಾಗಿಸಿ ಪೆಟ್ಟಿಗೆ ಕಟ್ಟಿದರೆ ಮರಿಗಳು ಬೆಂದೇ ಹೋಗುತ್ತವೆ ಅಲ್ವಾ? ನೆರಳು ನೋಡಿ ಕಟ್ಟಿ.

- ಓದುಗ, ತುಮಕೂರು