ಉಗುರಿನ ಕೀವೆಲ್ಲ ಉಗುರುಸುತ್ತಲ್ಲ

ಮಾನ್ಯ ಸಂಪಾದಕರೇ,

ಉಗುರುಸುತ್ತಿನ ಮನೆಮದ್ದುಗಳ ಕುರಿತು ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹವನ್ನು ಓದಿದೆ. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ರಾತ್ರಿ ಕಳೆದವಳು ನಾನೂ ಹೌದು. ಆದರೆ ವಾರಗಟ್ಟಲೆ ಮಾಯದ, ಮಾಯಿತೆನ್ನುವಷ್ಟರಲ್ಲಿ ಮತ್ತೆ ಕೀವುಗುಳ್ಳೆ ಏಳುವ ಬೆರಳಿನ ಬಗ್ಗೆ ಆ ಬರಹದಲ್ಲಿ ಒಂದು ಮಾತೂ ಇರಲಿಲ್ಲವಾದ್ದರಿಂದ ಈ ಪತ್ರ.

ಹೆಬ್ಬೆರಳಿಗೆ ಆದ ಸಣ್ಣ ತರಚುಗಾಯದಿಂದ ನನ್ನ ತೊಂದರೆ ಶುರುವಾಯಿತು. ಉಗುರುಸುತ್ತು ಎಂದು ಆ್ಯಂಟಿಬಯೋಟಿಕ್, ಬಳಿಕ ಫಂಗಸ್ ಎಂದು ಮಾತ್ರೆ, ಹೀಗೆ ಎರಡು ವರ್ಷ ಕಳೆಯುವುದರೊಳಗೆ ಉಗುರೇ ಎದ್ದು ಬಿತ್ತು. ಕೊನೆಗೆ ಚರ್ಮರೋಗ ತಜ್ಞರೊಬ್ಬರು ಕೀವನ್ನು ಪರೀಕ್ಷೆಗೆ ಕಳಿಸಿ, ಅದರಲ್ಲಿ ಯಾವ ರೋಗಾಣುವೂ ಕಾಣದಿದ್ದಾಗ ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಿಸಿ, ಇದು ಸೋರಿಯಾಸಿಸ್ (ಚರ್ಮ ಕೆಂಪಾಗಿ ಹೊಟ್ಟೇಳುವ ದೀರ್ಘಕಾಲದ ಕಾಯಿಲೆ) ಕುಲಕ್ಕೆ ಸೇರಿದ ‘ಅಕ್ರೊಡರ್ಮಟೈಟಿಸ್ ಕಂಟಿನ್ಯುವಾ’ ಎಂದರು. ಫ್ರಾನ್ಸಿನ ವೈದ್ಯ ಹಾಲೋಪೋ 1890ರಷ್ಟು ಹಿಂದೆಯೇ ವಿವರಿಸಿದ ಅಪರೂಪದ ಕಾಯಿಲೆಯಿದು. ಇದರ ಕೀವು ಸೋಂಕಿನದಲ್ಲ, ಆದ್ದರಿಂದ ಯಾರಿಗೂ ಅಂಟುವುದಿಲ್ಲ. (ನನ್ನ ಕೈಯಿಂದ ಅರಿಶಿನ ಕುಂಕುಮ ಪಡೆಯಲು ಹಿಂಜರಿದವರಿಗೆ ಇದನ್ನು ನಂಬಿಸುವುದು ಬೇರೆಯೇ ಪಾಡು.) ಹಾಗೆಯೇ ಬಿಟ್ಟರೆ ಮಾತ್ರ ಉಗುರು ಮತ್ತೆ ಹುಟ್ಟದಂತಾಗುವುದಲ್ಲದೆ, ಬೆರಳ ತುದಿಯ ಮೂಳೆಯೂ ಸವೆದುಹೋಗಬಹುದು.

ಪೂರ್ತಿ ವಾಸಿಯಾಗುತ್ತದೆಂದು ವೈದ್ಯರು ಭರವಸೆ ಕೊಡಲಿಲ್ಲ. ಹತೋಟಿಯಲ್ಲಿ ಇಡಬಹುದು ಎಂದರು. ಮೊದಲು ಸ್ಟಿರಾಯ್ಡ್ ಮತ್ತು ಕ್ಯಾಲ್ಸಿಪೊಟ್ರಿಯಾಲ್ ಮುಲಾಮು, ಸಾಲದಿದ್ದರೆ ಅಸಿಟ್ರೆಟಿನ್, ಮೆಥೊಟ್ರೆಕ್ಸೇಟ್ ಅಥವಾ ಸೈಕ್ಲೊಸ್ಪೊರಿನ್ ಎಂಬ ನುಂಗುವ ಮದ್ದು, ಅದಕ್ಕೂ ಬಗ್ಗದಿದ್ದರೆ ಅಡಲಿಮುಮಾಬ್‌ನಂಥ ದುಬಾರಿ ಚುಚ್ಚುಮದ್ದು. ನನಗೆ ಮೆಥೊಟ್ರೆಕ್ಸೇಟ್ ಒಗ್ಗಿದೆ. ಅದನ್ನು ನುಂಗಬೇಕಾದದ್ದು ವಾರಕ್ಕೊಂದು ದಿನ ಮಾತ್ರ. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರವಾಗಬಹುದು, ಆಗಾಗ ರಕ್ತಪರೀಕ್ಷೆಯೂ ಬೇಕು. ಪಾತ್ರೆ ತೊಳೆಯುವಾಗ ಹತ್ತಿಯ ಕೈಗವಸಿನ ಮೇಲೆ ರಬ್ಬರಿನದನ್ನು ಹಾಕಿಕೊಳ್ಳುತ್ತೇನೆ. ಸಣ್ಣ ಪೆಟ್ಟೂ ರೋಗವನ್ನು ಕೆರಳಿಸುವುದರಿಂದ ತೆಂಗಿನಕಾಯಿ ಸುಲಿಯುವುದನ್ನು ಬಿಟ್ಟಿದ್ದೇನೆ.

ನನ್ನ ಎರಡು ವರ್ಷಗಳಲ್ಲಿ ಹೆಚ್ಚಿನ ಪಾಲು ಔಷಧಿ ಅಂಗಡಿಯಲ್ಲಿ ಚೀಟಿ ಕೇಳದೆ ಕೊಟ್ಟ, ಸ್ಟಿರಾಯ್ಡ್, ಫಂಗಸ್ ನಿವಾರಕ, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದ ಮುಲಾಮಿನಲ್ಲೇ ಹೋಯಿತು. ಅದು ಗುಳ್ಳೆಯನ್ನು ನಾಲ್ಕು ದಿನ ಅಡಗಿಸುತ್ತಿತ್ತು, ಅಷ್ಟೇ. ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದ್ದರೂ ನಮ್ಮೂರಿನ ಅಂಗಡಿಗಳಿಗೆ ಅದು ಇನ್ನೂ ತಲುಪಿದಂತಿಲ್ಲ.

ಮುಂದಿನ ಸಲ ಮನೆಮದ್ದಿನ ಬರಹ ಪ್ರಕಟಿಸುವಾಗ, ಎರಡು ಮೂರು ವಾರಗಳಲ್ಲಿ ಮಾಯದ ಉಗುರನ್ನು ಚರ್ಮರೋಗ ತಜ್ಞರಿಗೆ ತೋರಿಸಬೇಕೆಂಬ ಒಂದು ಸಾಲನ್ನಾದರೂ ಕೆಳಗೆ ಸೇರಿಸಬೇಕೆಂದು ಕೋರುತ್ತೇನೆ.

ನಿವೃತ್ತ ಶಿಕ್ಷಕಿ, ಶಿವಮೊಗ್ಗ